ಜಿಯೋಮ್

ಫ್ರೀಬಿಎಸ್‌ಡಿ ಕಾರ್ಯಾಚರಣ ವ್ಯವಸ್ಥೆಯಲ್ಲಿ ಡಿಸ್ಕ್ ಡ್ರೈವರ್‌ಗೂ ಫೈಲ್ ಸಿಸ್ಟಂಗೂ ನಡುವೆ ಪದರಗಳನ್ನು ಜೋಡಿಸುವ ಚೌಕಟ್ಟು. ಡೆನ್ಮಾರ್ಕಿನ ಪೌಲ್-ಹೆನಿಂಗ್ ಕಾಂಪ್ ರೂಪಿಸಿದ ಇದು 2003ರಲ್ಲಿ ಬಿಡುಗಡೆಯಾದ 5.0 ಆವೃತ್ತಿಯೊಡನೆ ಬಳಕೆಗೆ ಬಂತು.

ಡಿಸ್ಕನ್ನು ಪಾರ್ಟಿಷನ್‌ಗಳಾಗಿ ಒಡೆಯುವುದು, ಎರಡು ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶ ಇಡುವುದು, ಗೂಢಲಿಪಿಗೆ ತಿರುಗಿಸುವುದು, ಎಲ್ಲವೂ ಇಲ್ಲಿ ಒಂದೊಂದು ಪದರ. ಪ್ರತಿ ಪದರವೂ ಕೆಳಗಿರುವ ಡಿಸ್ಕಿಗೆ ಕನ್ಸ್ಯೂಮರ್. ಮೇಲಿನವರಿಗೆ ತಾನೇ ಡಿಸ್ಕಿನಂತೆ ತೋರುವ ಪ್ರೊವೈಡರ್. ಮೇಲಿರುವ ಫೈಲ್ ಸಿಸ್ಟಂಗೆ ತಾನು ನಿಜವಾದ ಡಿಸ್ಕಿನ ಮೇಲಿದ್ದೇನೋ ನಾಲ್ಕು ಪದರಗಳ ಮೇಲಿದ್ದೇನೋ ತಿಳಿಯಬೇಕಾಗಿಲ್ಲ. ಪದರಗಳನ್ನು ಬೇಕಾದ ಕ್ರಮದಲ್ಲಿ ಪೇರಿಸಬಹುದು, ಆದರೆ ಕ್ರಮಕ್ಕೆ ಬೆಲೆಯಿದೆ: ಎರಡು ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶ ಇಡುವ ಜಿಮಿರರ್ ಪದರದ ಮೇಲೆ ಗೆಲಿ ಎಂಬ ಗೂಢಲಿಪಿ ಪದರವಿದ್ದರೆ ದತ್ತಾಂಶ ಒಮ್ಮೆ ಮಾತ್ರ ಗೂಢಲಿಪಿಯಾಗುತ್ತದೆ, ಗೆಲಿ ಕೆಳಗಿದ್ದರೆ ಪ್ರತಿ ಡಿಸ್ಕಿಗೂ ಅದೇ ಕೆಲಸ ಮತ್ತೆ.

ಹೊಸ ಡಿಸ್ಕ್ ಕಂಡೊಡನೆ ಪ್ರತಿ ಬಗೆಯ ಪದರಕ್ಕೂ ಅದರ ‘ರುಚಿ ನೋಡುವ’ ಅವಕಾಶ ಸಿಗುತ್ತದೆ. ತನ್ನ ಗುರುತು ಸಿಕ್ಕರೆ ಅದು ಅಲ್ಲಿ ನೆಲೆಯೂರುತ್ತದೆ. ಜಿಮಿರರ್ ಮತ್ತು ಗೆಲಿ ಈ ಗುರುತನ್ನು ಕೊನೆಯ ಸೆಕ್ಟರ್‌ನಲ್ಲಿ ಬರೆಯುತ್ತವೆ. ಮೊದಲ ಸೆಕ್ಟರ್‌ಗಳು ಬೂಟ್ ವ್ಯವಸ್ಥೆಗೆ ಸೇರಿದವು; ಅವನ್ನು ಮುಟ್ಟದ ಕಾರಣ ಜಿಮಿರರ್ ಜೋಡಿಯ ಒಂದೇ ಡಿಸ್ಕಿನಿಂದಲೂ ಯಂತ್ರವನ್ನು ಎಬ್ಬಿಸಬಹುದು. ಇದು ಜಾಣ ಆಯ್ಕೆ, ಆದರೆ ಮೇಲಕ್ಕೆ ಕಾಣುವ ಡಿಸ್ಕ್ ಒಂದು ಸೆಕ್ಟರ್ ಕಿರಿದಾಗುತ್ತದೆ. ಜಿಪಿಟಿ ಪಾರ್ಟಿಷನ್ ಪಟ್ಟಿಯ ಮೀಸಲು ಹೆಡರ್‌ಗೂ ಡಿಸ್ಕಿನ ಕೊನೆಯ ಸೆಕ್ಟರೇ ಬೇಕು. ಇಡೀ ಡಿಸ್ಕಿನ ಮೇಲೆ ಜಿಮಿರರ್ ಹಾಕಿ ಅದರೊಳಗೆ ಜಿಪಿಟಿ ಬರೆದರೆ, ಪದರ ಏಳುವ ಮುನ್ನವೇ ಡಿಸ್ಕನ್ನು ಓದುವ ಬೂಟ್ ಲೋಡರ್‌ಗೆ ಮೀಸಲು ಹೆಡರ್ ಇರಬೇಕಾದಲ್ಲಿ ಕಾಣುವುದಿಲ್ಲ. ಪಾರದರ್ಶಕತೆ ಸೋಲುವುದು ಹೀಗೆ, ಪದರವಿಲ್ಲದ ಡಿಸ್ಕನ್ನು ನೋಡುವವರ ಕಣ್ಣಲ್ಲಿ. ಪಾರ್ಟಿಷನ್‌ಗಳನ್ನು ಮೊದಲು ಮಾಡಿ, ಒಂದೊಂದನ್ನೇ ಜಿಮಿರರ್‌ಗೆ ಸೇರಿಸುವುದು ಕ್ಷೇಮ.

ವಿನಂತಿಗಳನ್ನು ಕೆಳಗಿಳಿಸಲು ಒಂದು ಥ್ರೆಡ್, ಉತ್ತರಗಳನ್ನು ಮೇಲೇರಿಸಲು ಇನ್ನೊಂದು. ಪದರಗಳು ಒಂದನ್ನೊಂದು ನೇರ ಕರೆಯದ ಕಾರಣ, ಎಷ್ಟೇ ಪೇರಿಸಿದರೂ ಕರ್ನಲ್‌ನ ಸ್ಟ್ಯಾಕ್ ತುಂಬಿಹೋಗದು. ಈ ಥ್ರೆಡ್‌ಗಳಲ್ಲಿ ಯಾವ ಪದರವೂ ಕಾಯುತ್ತಾ ನಿಲ್ಲುವಂತಿಲ್ಲ, ನಿಂತರೆ ಉಳಿದ ಡಿಸ್ಕ್‌ಗಳ ಕೆಲಸವೂ ನಿಲ್ಲುತ್ತದೆ. ಹೀಗಾಗಿ ಗೆಲಿ ತನ್ನ ಭಾರದ ಲೆಕ್ಕಾಚಾರವನ್ನು ಸ್ವಂತ ಥ್ರೆಡ್‌ಗಳಲ್ಲಿ ನಡೆಸುತ್ತದೆ. ವೇಗಕ್ಕಾಗಿ, ಸುರಕ್ಷಿತವೆನಿಸುವ ಕಡೆ ನೇರ ಕರೆಯನ್ನೂ ಮುಂದೆ ಸೇರಿಸಲಾಯಿತು.

ಓದು-ಬರಹವನ್ನಷ್ಟೇ ದಾಟಿಸಿದರೆ ಸಾಲದು. ಕ್ಯಾಶ್‌ನಲ್ಲಿರುವುದನ್ನು ಡಿಸ್ಕಿಗಿಳಿಸು ಎಂಬ ಫ್ಲಶ್ ಆಜ್ಞೆಯನ್ನು ನಡುವಿನ ಪದರ ನುಂಗಿಬಿಟ್ಟರೆ, ಎಲ್ಲವೂ ಸರಿಯಿರುವಂತೆಯೇ ಕಾಣುತ್ತದೆ. ವಿದ್ಯುತ್ ಹೋದ ದಿನ ದತ್ತಾಂಶ ಕಳೆದುಹೋಗುತ್ತದೆ. ಖಾಲಿಯಾದ ಜಾಗವನ್ನು ತಿಳಿಸುವ ಡಿಲೀಟ್ ಆಜ್ಞೆಯ ಕಥೆ ಬೇರೆ. ಅದನ್ನು ದಾಟಿಸಿದರೆ ಎಸ್‌ಎಸ್‌ಡಿಗೆ ಅನುಕೂಲ, ಆದರೆ ಗೂಢಲಿಪಿಯಾದ ಡಿಸ್ಕನ್ನು ಕದ್ದವನಿಗೂ ಯಾವ ಭಾಗ ಬಳಕೆಯಲ್ಲಿಲ್ಲ ಎಂಬ ಸುಳಿವು ಸಿಗುತ್ತದೆ. ಬೇಡವೆನ್ನುವವರು ಗೆಲಿಯಲ್ಲಿ ಅದನ್ನು ತಡೆಹಿಡಿಯಬಹುದು.