ಅಲ್ಪ ಅಂತರದ ತೀರ್ಪು: 1967ರ ಗೋವಾ ಜನಮತಗಣನೆ ಮತ್ತು ಅದರ ಮನ್ನಣೆಯ ಪ್ರಶ್ನೆ

ನಾಡೊಂದರ ಭವಿಷ್ಯವನ್ನು ಒಂದು ದಿನದ ಮತದಾನಕ್ಕೆ ಒಪ್ಪಿಸುವುದು ಪ್ರಜಾಪ್ರಭುತ್ವದ ಅತ್ಯಂತ ನೇರವಾದ ಕ್ರಮ. ಫಲಿತಾಂಶವು ಅಲ್ಪ ಅಂತರದ್ದಾಗಿ, ಸಮಾಜವು ಎರಡು ಪಾಲಾಗಿ ನಿಂತಾಗ ಅದು ಇಕ್ಕಟ್ಟಿನ ಕ್ರಮವೂ ಆಗುತ್ತದೆ. 1950ರ ಮಾರ್ಚ್‌ನಲ್ಲಿ ಬೆಲ್ಜಿಯಂ ದೇಶದ ಶೇ. 57ಕ್ಕೂ ಹೆಚ್ಚು ಮತದಾರರು ಮೂರನೆಯ ಲಿಯೋಪೋಲ್ಡ್ ದೊರೆ ಸ್ವದೇಶಕ್ಕೆ ಮರಳಲೆಂದು ಮತವಿತ್ತರು. ಫ್ರೆಂಚ್ ಭಾಷಿಕ ವಲೋನಿಯದ ಬಹುಮತ ಇದಕ್ಕೆ ವಿರುದ್ಧವಾಗಿತ್ತು. ದೊರೆ ಮರಳಿದೊಡನೆ ಗಲಭೆಗಳಾಗಿ, ನಾಲ್ವರು ಗುಂಡಿಗೆ ಬಲಿಯಾಗಿ, 1951ರಲ್ಲಿ ಅವನು ಸಿಂಹಾಸನವನ್ನು ತ್ಯಜಿಸಬೇಕಾಯಿತು. 2016ರಲ್ಲಿ ಬ್ರಿಟನ್ ಶೇ. 51.89 ಮತಗಳಿಂದ ಯುರೋಪಿಯನ್ ಒಕ್ಕೂಟವನ್ನು ತೊರೆಯಲು ತೀರ್ಮಾನಿಸಿದಾಗ, ಈ ತೀರ್ಪನ್ನು ಮನ್ನಿಸಬೇಕೆ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಇದೇ ಪ್ರಶ್ನೆಯನ್ನು ಕರ್ನಾಟಕದ ನೆರೆಯ ಗೋವೆಯು 1967ರಲ್ಲಿಯೇ ಎದುರಿಸಿತ್ತು. ಗೋವೆ ಆಗ ಕೇಂದ್ರಾಡಳಿತ ಪ್ರದೇಶವಾಗಿದ್ದರೂ ಅಲ್ಲಿನ ಜನರಿಗೆ ಅದು ತಮ್ಮ ನಾಡಿನ ಅಸ್ತಿತ್ವದ ಪ್ರಶ್ನೆಯಾಗಿತ್ತು. ಆ ತೀರ್ಪು ಹೇಗೆ ಉಳಿದುಬಂದಿತೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

1961ರ ಡಿಸೆಂಬರ್ 19ರಂದು ಪೋರ್ಚುಗೀಸರ ಆಳ್ವಿಕೆ ಕೊನೆಗೊಂಡಾಗ ಗೋವೆಯ ಒಳಗೆ ಎರಡು ಚರಿತ್ರೆಗಳಿದ್ದವು. ತಿಸ್ವಾಡಿ, ಬಾರ್ದೇಶ್ ಮತ್ತು ಸಾಸಷ್ಟಿಗಳು ಹದಿನಾರನೆಯ ಶತಮಾನದಲ್ಲಿಯೇ ಪೋರ್ಚುಗೀಸರ ವಶವಾಗಿದ್ದ ‘ಹಳೆಯ ಗೆಲುವಿನ’ ಪ್ರದೇಶಗಳು. ಮತಾಂತರ ವ್ಯಾಪಕವಾಗಿ ನಡೆದದ್ದೂ, ದೇವರುಗಳನ್ನು ಹೊತ್ತು ಜನ ಗಡಿ ದಾಟಿದ್ದೂ ಇಲ್ಲಿಂದಲೇ. ಅವರಲ್ಲಿ ಅನೇಕರು ಕನ್ನಡ ಕರಾವಳಿಗೆ ಬಂದು ನೆಲೆಸಿದರು. ಪೆಡ್ಣೆ, ಡಿಚೋಲಿ, ಸತ್ತರಿ, ಫೋಂಡಾ ಮೊದಲಾದ ‘ಹೊಸ ಗೆಲುವಿನ’ ತಾಲೂಕುಗಳು ಹದಿನೆಂಟನೆಯ ಶತಮಾನದಲ್ಲಿ ಸೇರಿದಂಥವು. ಇಲ್ಲಿ ಹಿಂದೂಗಳು ಬಹುಸಂಖ್ಯಾತರು. ಮನೆಯಲ್ಲಿ ಕೊಂಕಣಿ ಆಡಿದರೂ ಕೀರ್ತನೆ, ಪೂಜೆ, ಶಾಲೆಗಳಿಗೆ ಮರಾಠಿಯೇ ಅವರ ಭಾಷೆಯಾಗಿತ್ತು.

1963ರ ಡಿಸೆಂಬರ್‌ನಲ್ಲಿ ನಡೆದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಹಾರಾಷ್ಟ್ರದೊಡನೆ ವಿಲೀನವನ್ನು ಬಯಸಿದ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷವು ತನ್ನ ಮಿತ್ರಪಕ್ಷದೊಡನೆ 30ರಲ್ಲಿ 16 ಸ್ಥಾನಗಳನ್ನು ಪಡೆಯಿತು. ವಿಲೀನವನ್ನು ವಿರೋಧಿಸಿದ ಯುನೈಟೆಡ್ ಗೋವನ್ಸ್ ಪಕ್ಷಕ್ಕೆ 12 ಸ್ಥಾನಗಳು ದೊರೆತವು. ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರರ ಪಕ್ಷವು ಈ ಗೆಲುವೇ ವಿಲೀನಕ್ಕೆ ಜನರು ನೀಡಿದ ಒಪ್ಪಿಗೆ ಎಂದು ವಾದಿಸಿತು. ಆ ವಾದದ ಹಿಂದೆ ಭಾಷೆಯ ಅಭಿಮಾನವಷ್ಟೇ ಇರಲಿಲ್ಲ. ಭಾಟ್ಕಾರರ, ಅಂದರೆ ಭೂಮಾಲೀಕರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಮುಂಡ್ಕಾರರಿಗೂ ಗೇಣಿದಾರರಿಗೂ ಪ್ರತ್ಯೇಕ ಗೋವೆ ಎಂದರೆ ಹಳೆಯ ಒಡೆಯರ ಆಳ್ವಿಕೆಯ ಮುಂದುವರಿಕೆ ಎಂಬ ಭಯವಿತ್ತು. ಜಾಕ್ ಡಿ ಸಿಕ್ವೇರಾ ಮುಂತಾದ ವಿರೋಧಪಕ್ಷದ ನಾಯಕರು, ಇಷ್ಟು ದೊಡ್ಡ ಪ್ರಶ್ನೆಯನ್ನು ಶಾಸಕರು ತೀರ್ಮಾನಿಸಲಾಗದು, ಜನರನ್ನೇ ಕೇಳಬೇಕೆಂದು ಪಟ್ಟು ಹಿಡಿದರು. ಅದರ ಫಲವಾಗಿ ಸಂಸತ್ತು 1966ರ ಡಿಸೆಂಬರ್‌ನಲ್ಲಿ ಜನಮತಗಣನೆಯ ಕಾಯಿದೆಯನ್ನು ಅಂಗೀಕರಿಸಿತು. ಅದೇ ತಿಂಗಳು ಬಾಂದೋಡ್ಕರರ ಮಂತ್ರಿಮಂಡಲ ಅಧಿಕಾರದಿಂದ ಕೆಳಗಿಳಿದು, ಆಡಳಿತವು ಕೇಂದ್ರದ ಕೈಗೆ ಹೋಯಿತು.

ಪ್ರಚಾರ ಮತ್ತು ಜನಪದ

ಮತಪತ್ರದಲ್ಲಿದ್ದ ಗುರುತುಗಳು ಎರಡು: ವಿಲೀನಕ್ಕೆ ಹೂವು, ಕೇಂದ್ರಾಡಳಿತದ ಮುಂದುವರಿಕೆಗೆ ಎರಡೆಲೆ. ಅಕ್ಷರ ಬಾರದವರಿಗೂ ತಿಳಿಯುವ ಈ ಗುರುತುಗಳು ಬೇಗನೆ ಹಾಡಿಗೂ ಘೋಷಣೆಗೂ ಸೇರಿದವು. ಉಲ್ಹಾಸ ಬುಯಾಂವ್ ಅವರ ಗಾಯನ, ಮನೋಹರರಾಯ ಸರದೇಸಾಯಿಯವರ ಕಾವ್ಯ, ‘ರಾಷ್ಟ್ರಮತ’ ಪತ್ರಿಕೆಯಲ್ಲಿ ಉದಯ ಭೆಂಬ್ರೆಯವರ ಅಂಕಣ ಎರಡೆಲೆಯ ಪಕ್ಷಕ್ಕೆ ಬಲ ನೀಡಿದವು. ‘ರಾಷ್ಟ್ರಮತ’ವು ಮರಾಠಿ ದಿನಪತ್ರಿಕೆಯಾಗಿತ್ತೆಂಬುದು ಗಮನಾರ್ಹ. ವಿಲೀನದ ವಿರುದ್ಧದ ವಾದವನ್ನು ಮರಾಠಿ ಓದುವ ಹಿಂದೂ ಮನೆಗಳಿಗೆ ಮರಾಠಿಯಲ್ಲಿಯೇ ಮುಟ್ಟಿಸಬೇಕಾಗಿತ್ತು. ವಿಲೀನವಾದಿಗಳಿಗೆ ‘ಗೋಮಂತಕ’ ಪತ್ರಿಕೆಯೂ ಮಹಾರಾಷ್ಟ್ರದಿಂದ ಬಂದ ನಾಯಕರೂ ಬೆಂಬಲವಾಗಿದ್ದರು.

ಮತದಾನವು ಹೂವು ಅಥವಾ ಎಲೆ ಎಂಬ ಎರಡೇ ಉತ್ತರಗಳನ್ನು ಬಯಸುತ್ತದೆ. ಜನಪದ ಬದುಕು ಹಾಗಿರಲಿಲ್ಲ. ಧಾಲೋ ಹಾಡುಗಳಲ್ಲಿ ಕೊಂಕಣಿ, ಮರಾಠಿಗಳು ಬೆರೆತು ಬರುತ್ತವೆ. ಜಾಗೋರ್ ಎಂಬ ರಾತ್ರಿಯಾಟವು ಹಿಂದೂಗಳಲ್ಲಿಯೂ ಕ್ರೈಸ್ತ ಗಾವಡರಲ್ಲಿಯೂ ಇದೆ. ಶಿರ್ಗಾಂವಿನ ಲೈರಾಯಿ ದೇವಿಯೂ ಮಾಪ್ಸಾದ ಮಿಲಾಗ್ರಿಸ್ ಮಾತೆಯೂ ಅಕ್ಕತಂಗಿಯರೆಂಬುದು ಜನರ ನಂಬಿಕೆ. ಮಾಪ್ಸಾದ ಹಬ್ಬಕ್ಕೆ ಎರಡೂ ಧರ್ಮದವರು ಸೇರುತ್ತಾರೆ. ಮತಪೆಟ್ಟಿಗೆ ಬೇರ್ಪಡಿಸಿದ ಜನರನ್ನು ಒಂದುಗೂಡಿಸುವ ಈ ಎಳೆಗಳು ಮತದಾನಕ್ಕೆ ಮೊದಲೂ ಇದ್ದವು, ಅನಂತರವೂ ಉಳಿದವು.

ಫಲಿತಾಂಶ ಮತ್ತು ಆಕ್ಷೇಪಗಳು

1967ರ ಜನವರಿ 16ರಂದು ಮತದಾನ ನಡೆಯಿತು. 3,88,432 ಮತದಾರರಲ್ಲಿ 3,17,633 ಮಂದಿ ಮತ ಚಲಾಯಿಸಿದರು. ಎರಡೆಲೆಗೆ 1,72,191, ಹೂವಿಗೆ 1,38,170 ಮತಗಳು ಬಂದವು. ಅಂತರ 34,021. ಅಂದರೆ ಸುಮಾರು ಹದಿನೇಳು ಸಾವಿರ ಜನ ಮನಸ್ಸು ಬದಲಿಸಿದ್ದರೆ ಗೋವೆಯು ಮಹಾರಾಷ್ಟ್ರದ ಭಾಗವಾಗುತ್ತಿತ್ತು. ಗೆದ್ದ ಪಕ್ಷದ ಮತಗಳು ಒಟ್ಟು ಮತದಾರರ ಶೇ. 44ರಷ್ಟು ಮಾತ್ರ. ಪೆಡ್ಣೆ, ಡಿಚೋಲಿ, ಸತ್ತರಿ, ಫೋಂಡಾಗಳು ವಿಲೀನದ ಕಡೆಗೂ, ಸಾಸಷ್ಟಿ, ತಿಸ್ವಾಡಿ, ಬಾರ್ದೇಶ್‌ಗಳು ವಿರುದ್ಧವಾಗಿಯೂ ನಿಂತವು. ಇಂಥ ಒಡಕಿನ ಫಲಿತಾಂಶವನ್ನು ಇಡೀ ನಾಡಿನ ಇಚ್ಛೆ ಎನ್ನಬಹುದೆ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದಿರಲಿಲ್ಲ.

ಗೋವೆಯ ಗ್ರಾಮಪರಂಪರೆಯಲ್ಲಿಯೇ ಈ ಆಕ್ಷೇಪಕ್ಕೆ ಬೆಂಬಲ ದೊರೆಯುವಂತೆ ಕಾಣುತ್ತದೆ. 1526ರ ಪೋರ್ಚುಗೀಸ್ ಸನ್ನದಿಗಿಂತಲೂ ಹಿಂದಿನದಾದ ಗಾಂವ್ಕಾರಿ ವ್ಯವಸ್ಥೆಯಲ್ಲಿ ಊರಿನ ನಿರ್ಧಾರಗಳು ಸರ್ವಾನುಮತದಿಂದ ಆಗಬೇಕೆಂಬ ಕಟ್ಟಳೆ ಇತ್ತು. ತಲೆ ಎಣಿಸಿ ತೀರ್ಮಾನಿಸುವುದಕ್ಕಿಂತ ಎಲ್ಲರನ್ನೂ ಒಪ್ಪಿಸಿ ನಡೆಯುವುದು ಮೇಲೆಂಬ ಭಾವನೆ ಅದರಲ್ಲಿದೆ. ಆದರೆ ಆ ಸಭೆಯಲ್ಲಿ ಕುಳಿತವರು ಯಾರೆಂಬುದನ್ನೂ ಕೇಳಬೇಕು. ಗಾಂವ್ಕಾರರೆಂದರೆ ಊರಿನ ಮೂಲ ನೆಲೆಗಾರರ ವಂಶದ ಗಂಡಸರು. ಹೆಂಗಸರಿಗೂ ಮುಂಡ್ಕಾರರಿಗೂ ಅಲ್ಲಿ ಬಾಯಿ ಇರಲಿಲ್ಲ. ಕೆಲವರದೇ ಸಭೆಯಾದ್ದರಿಂದ ಸರ್ವಾನುಮತ ಸಾಧ್ಯವಾಗಿತ್ತು. 1967ರ ಮತದಾನದಲ್ಲಿ ಭಾಟ್ಕಾರನಿಗೂ ಮುಂಡ್ಕಾರ ಹೆಂಗಸಿಗೂ ಒಂದೊಂದೇ ಮತ. ಎಲ್ಲರನ್ನೂ ಕೇಳಿದ ಮೇಲೆ ಎಲ್ಲರೂ ಒಪ್ಪಬೇಕೆಂದು ಬಯಸಲಾಗದು. ಇಷ್ಟು ಪ್ರಮಾಣದ ಅಂತರ ಬೇಕೆಂಬ ಷರತ್ತನ್ನು ಮೊದಲೇ ವಿಧಿಸದೆ, ಎಣಿಕೆಯಾದ ಬಳಿಕ ಅಂತರ ಸಾಲದೆಂದು ತೀರ್ಪನ್ನು ತಳ್ಳಿಹಾಕಿದರೆ, ಮೊದಲ ಬಾರಿ ಬಾಯಿ ಪಡೆದವರ ಮಾತನ್ನೇ ತಳ್ಳಿಹಾಕಿದಂತಾಗುತ್ತದೆ.

ಮನ್ನಣೆಯ ಬಗೆ

ಆದರೂ ಬೆಲ್ಜಿಯಂನ ನಿದರ್ಶನದಿಂದ ತಿಳಿಯುವಂತೆ, ಎಣಿಕೆ ಸರಿಯಾಗಿದ್ದರೆ ಸಾಲದು. ಸೋತವರಿಗೆ ಅದರೊಡನೆ ಬಾಳಲು ಸಾಧ್ಯವಾಗಬೇಕು. ಗೋವೆಯಲ್ಲಿ ಇದು ಸಾಧ್ಯವಾದದ್ದು ಹೇಗೆಂಬುದು ಮುಖ್ಯ. ವಿಲೀನದ ಸೋಲಿನ ಎರಡೇ ತಿಂಗಳ ಬಳಿಕ, 1967ರ ಮಾರ್ಚ್‌ನ ಚುನಾವಣೆಯಲ್ಲಿ ಬಾಂದೋಡ್ಕರರ ಪಕ್ಷವೇ 16 ಸ್ಥಾನಗಳನ್ನು ಗೆದ್ದಿತು. ಅವರು ಮತ್ತೆ ಮುಖ್ಯಮಂತ್ರಿಯಾಗಿ, ತಾವು ಬೇಡವೆಂದಿದ್ದ ಕೇಂದ್ರಾಡಳಿತ ಪ್ರದೇಶವನ್ನು 1973ರಲ್ಲಿ ತೀರಿಕೊಳ್ಳುವವರೆಗೂ ಆಳಿದರು. ವಿಲೀನ ಬೇಡವೆಂದ ಜನತೆಯು ವಿಲೀನ ಬಯಸಿದ ಬಡವರ ಪಕ್ಷಕ್ಕೆ ಅಧಿಕಾರವನ್ನು ಬೇಡವೆನ್ನಲಿಲ್ಲ. 1964ರ ಗೇಣಿ ಕಾಯಿದೆ, 1975ರ ಮುಂಡ್ಕಾರರ ರಕ್ಷಣಾ ಕಾಯಿದೆ, ಗೇಣಿದಾರರನ್ನು ಒಡೆಯರನ್ನಾಗಿಸಿದ 1976ರ ತಿದ್ದುಪಡಿಗಳು ಪ್ರತ್ಯೇಕ ಗೋವೆಯ ಶಾಸನಸಭೆಯಲ್ಲಿಯೇ ರೂಪುಗೊಂಡವು. ಹೂವಿಗೆ ಮತವಿತ್ತ ಮುಂಡ್ಕಾರನ ಭಯಕ್ಕೆ ಹೀಗೆ ಎರಡೆಲೆಯ ಗೋವೆಯಲ್ಲಿಯೇ ಒಂದು ಮಟ್ಟಿಗೆ ಉತ್ತರ ದೊರೆಯಿತು.

ಗೆದ್ದವರಿಗೂ ಬಯಸಿದ್ದೆಲ್ಲ ಸಿಗಲಿಲ್ಲ. ಸಾಹಿತ್ಯ ಅಕಾದೆಮಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯಭಾಷೆಯೆಂದು 1975ರಲ್ಲಿ ಮಾನ್ಯ ಮಾಡಿದರೂ, ರಾಜಭಾಷೆಯ ಸ್ಥಾನಕ್ಕಾಗಿ ಮತ್ತೊಂದು ಚಳವಳಿ ನಡೆದು ಜೀವಹಾನಿಯೂ ಆಯಿತು. 1987ರ ರಾಜಭಾಷಾ ಕಾಯಿದೆ ದೇವನಾಗರಿ ಲಿಪಿಯ ಕೊಂಕಣಿಗೆ ಮನ್ನಣೆ ನೀಡಿ, ಮರಾಠಿಗೂ ಆಡಳಿತದಲ್ಲಿ ಅವಕಾಶವಿತ್ತಿತು. ಎರಡೆಲೆಯನ್ನು ಗೆಲ್ಲಿಸಿದ ಕ್ರೈಸ್ತರ ರೋಮನ್ ಲಿಪಿಯು ಮಾತ್ರ ಹೊರಗುಳಿಯಿತು. ಅದೇ ವರ್ಷದ ಮೇ 30ರಂದು ಗೋವೆ ರಾಜ್ಯವಾಯಿತು.

ಕನ್ನಡ ಓದುಗರಿಗೆ ಇಲ್ಲೊಂದು ಹೋಲಿಕೆ ಸಹಜವಾಗಿ ಹೊಳೆಯುತ್ತದೆ. ಗೋವೆಯ ಜನಮತಗಣನೆಗೆ ಸಿದ್ಧತೆ ನಡೆದಿದ್ದ 1966ರ ಅಕ್ಟೋಬರ್‌ನಲ್ಲಿಯೇ ಮೈಸೂರು–ಮಹಾರಾಷ್ಟ್ರ ಗಡಿ ವಿವಾದಕ್ಕಾಗಿ ಮಹಾಜನ್ ಆಯೋಗ ನೇಮಕಗೊಂಡಿತು. ಬೆಳಗಾವಿ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕೆಂದ ಅದರ 1967ರ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. ವಿವಾದವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆಯೋಗದ ವರದಿಯನ್ನು ತಪ್ಪೆಂದು ವಾದಿಸಲು ಸರ್ಕಾರಕ್ಕೆ ದಾರಿ ಇರುತ್ತದೆ. ಗೋವೆಯಲ್ಲಿ ತೀರ್ಪಿತ್ತವರು ಜನರೇ ಆದ್ದರಿಂದ ಸೋತ ಪಕ್ಷಕ್ಕೆ ಅಂಥ ದಾರಿ ಸುಲಭವಿರಲಿಲ್ಲ.

ಅಲ್ಪ ಅಂತರದ ತೀರ್ಪನ್ನು ಮನ್ನಿಸಲೇಬೇಕು. ಮೊದಲೇ ಒಪ್ಪಿದ ನಿಯಮದಂತೆ ನಡೆದ ಮತದಾನವನ್ನು ಬಳಿಕ ಅಲ್ಲಗಳೆಯಲು ನ್ಯಾಯವಿಲ್ಲ. ಆದರೆ ತೀರ್ಪು ಉತ್ತರಿಸುವುದು ಕೇಳಿದ ಪ್ರಶ್ನೆಗೆ ಮಾತ್ರ. ಗೋವೆಯ ಜನ ವಿಲೀನ ಬೇಡವೆಂದರು. ಮರಾಠಿ ಬೇಡವೆಂದಾಗಲೀ ಗೇಣಿದಾರನ ಹಕ್ಕು ಬೇಡವೆಂದಾಗಲೀ ಹೇಳಿರಲಿಲ್ಲ. ಈ ಮಿತಿಯನ್ನು ಅರಿತು ನಡೆದಷ್ಟು ಮಟ್ಟಿಗೆ ಆ ನಾಡು ಒಂದಾಗಿ ಉಳಿಯಿತು. ಮರೆತ ಕಡೆಗಳಲ್ಲಿ, ರೋಮನ್ ಲಿಪಿಯ ವಿಷಯದಲ್ಲಿ ಆದಂತೆ, ಅಸಮಾಧಾನ ಉಳಿದುಕೊಂಡಿತು.