ಪಂಚಾಯಿತಿಯ ಡಿಜಿಟಲ್ ಯೋಜನೆಗಳು ಮತ್ತು ಸಮಾನತೆ: ಗಡಿನಾಡ ಕನ್ನಡ ಕುಟುಂಬಗಳಿಗೆ ಒಂದು ಕೈಪಿಡಿ

ಗ್ರಾಮ ಪಂಚಾಯಿತಿಯಾಗಲಿ ಪುರಸಭೆಯಾಗಲಿ ಹೊಸ ಡಿಜಿಟಲ್ ಸೇವೆಯೊಂದನ್ನು ಜಾರಿಗೆ ತರುವ ಮುನ್ನ ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳಿವೆ. ಈ ಸೇವೆಯಿಂದ ಯಾರಿಗೆ ಅನುಕೂಲ? ಯಾರು ಹೊರಗುಳಿಯುತ್ತಾರೆ? ಹೊರಗುಳಿದವರಿಗೆ ಬೇರೆ ದಾರಿ ಯಾವುದು? ಇವುಗಳಿಗೆ ಲಿಖಿತವಾಗಿ ಉತ್ತರ ಕಂಡುಕೊಳ್ಳುವ ಕ್ರಮವನ್ನು ಸಮಾನತಾ ಪರಿಣಾಮಗಳ ಪರಿಶೀಲನೆ ಎನ್ನುತ್ತಾರೆ. ಮಹಿಳೆಯರು, ವೃದ್ಧರು, ಅಂಗವಿಕಲರು, ಬಡವರು ಎಂಬ ಭೇದಗಳು ಎಲ್ಲ ಊರುಗಳಲ್ಲೂ ಈ ಪರಿಶೀಲನೆಗೆ ಬರುತ್ತವೆ. ಬೊಮ್ಮನಹಾಳ್ ಮಂಡಲದ ನೇಮಕಲ್ಲಿನಂಥ ಗಡಿಗ್ರಾಮಗಳಲ್ಲಿ ಇವುಗಳ ಜೊತೆಗೆ ಭಾಷೆಯ ಪ್ರಶ್ನೆಯೂ ಸೇರಬೇಕು. ಹೇಗೆ ಸೇರಿಸಬೇಕು, ಅದಕ್ಕೆ ಕಾನೂನಿನ ಆಧಾರವೇನು, ಕನ್ನಡ ಮಾಧ್ಯಮದ ಮಕ್ಕಳ ಪಾಲಕರು ತಮ್ಮ ಮಟ್ಟದಲ್ಲಿ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಹಿನ್ನೆಲೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗ ಅಂದಿನ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು. ರಾಯದುರ್ಗ ಅನಂತಪುರ ಜಿಲ್ಲೆಯ ಭಾಗವಾಯಿತು. ಅದೇ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರ ಏಪ್ರಿಲ್ 4ರ ಜಿಲ್ಲಾ ಪುನರ್ವಿಂಗಡಣೆಯಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೀಗಾಗಿ ಒಂದೇ ಬಗೆಯ ತೊಂದರೆಯಿರುವ ಎರಡು ಪ್ರದೇಶಗಳ ಕನ್ನಡಿಗರು ಇಂದು ಇಬ್ಬರು ಬೇರೆ ಬೇರೆ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬೇಕಾಗಿದೆ: ರಾಯದುರ್ಗದ ಕಡೆಯವರು ಅನಂತಪುರದಲ್ಲಿ, ಮಡಕಶಿರಾ ಕಡೆಯವರು ಪುಟ್ಟಪರ್ತಿಯಲ್ಲಿ.

ಆಡಳಿತವು ಪರದೆಗೆ ಬಂದ ಬಗೆ

ಆಂಧ್ರದಲ್ಲಿ ಮೀಸೇವಾ ಕೇಂದ್ರಗಳು 2011ರಲ್ಲಿ ಆರಂಭವಾದವು. 2019ರ ಆಗಸ್ಟ್ 15ರಂದು ಸುಮಾರು 50 ಮನೆಗಳಿಗೆ ಒಬ್ಬ ಸ್ವಯಂಸೇವಕನಂತೆ ವಾಲಂಟಿಯರ್ ವ್ಯವಸ್ಥೆಯೂ, ಅದೇ ವರ್ಷದ ಅಕ್ಟೋಬರ್ 2ರಂದು ಗ್ರಾಮ ಮತ್ತು ವಾರ್ಡ್ ಸಚಿವಾಲಯಗಳೂ ಬಂದವು. ಸಚಿವಾಲಯದಲ್ಲಿ ಡಿಜಿಟಲ್ ಅಸಿಸ್ಟೆಂಟ್, ಕಲ್ಯಾಣ ಮತ್ತು ಶಿಕ್ಷಣ ಸಹಾಯಕ ಮುಂತಾದ ಹುದ್ದೆಗಳಿವೆ. 2024ರ ಜುಲೈ 1ರಿಂದ ಮನೆಮನೆಗೆ ಪಿಂಚಣಿ ತಲುಪಿಸುವ ಕೆಲಸ ಸಚಿವಾಲಯದ ಸಿಬ್ಬಂದಿಯ ಪಾಲಿಗೆ ಬಂತು. 2025ರ ಜನವರಿ 30ರಂದು 'ಮನ ಮಿತ್ರ' ಎಂಬ ವಾಟ್ಸ್‌ಆ್ಯಪ್ ಆಡಳಿತ ಸೇವೆ 161 ಸೇವೆಗಳೊಂದಿಗೆ ಆರಂಭವಾಯಿತು.

ಇವುಗಳಿಂದಾದ ಅನುಕೂಲವನ್ನು ಅಲ್ಲಗಳೆಯಲಾಗದು. ಒಂದು ದೃಢೀಕರಣ ಪತ್ರಕ್ಕಾಗಿ ಮಂಡಲ ಕೇಂದ್ರಕ್ಕೆ ಹಲವು ಬಾರಿ ಅಲೆಯಬೇಕಿದ್ದ ಕಾಲ ಬಹುಮಟ್ಟಿಗೆ ಹಿಂದೆ ಸರಿದಿದೆ. ಆದರೆ ಇದರ ಜೊತೆಗೇ ಇನ್ನೊಂದು ಬದಲಾವಣೆಯೂ ನಡೆದಿದೆ. ಕಚೇರಿಯ ಗುಮಾಸ್ತರೊಡನೆ ನಮ್ಮ ಹಿರಿಯರು ಕನ್ನಡವನ್ನೂ ತೆಲುಗನ್ನೂ ಬೆರೆಸಿ ಮಾತಾಡಿ ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಮಾತಿನಲ್ಲಿ ತಪ್ಪಾದರೆ ಎದುರಿಗಿದ್ದವರು ತಿದ್ದುತ್ತಿದ್ದರು. ಪರದೆಗೆ ಈ ಗುಣವಿಲ್ಲ. ತೆಲುಗು ಮಾತು ಚೆನ್ನಾಗಿ ಬಲ್ಲ, ಆದರೆ ಓದು ಬರಹ ಕನ್ನಡದಲ್ಲಿ ಮಾತ್ರ ಇರುವ ತಾಯಿಯೊಬ್ಬಳು ಪರದೆಯ ಮುಂದೆ ಅನಕ್ಷರಸ್ಥಳಂತೆ ನಿಲ್ಲಬೇಕಾಗುತ್ತದೆ.

ಎರಡೂ ಲಿಪಿಗಳು ಹತ್ತಿರದವಾದ್ದರಿಂದ ಓದಿಕೊಳ್ಳಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಕ್ಷರ ಹತ್ತಿರವಿದ್ದ ಮಾತ್ರಕ್ಕೆ ಅರ್ಥ ಹತ್ತಿರವಿರಬೇಕೆಂದಿಲ್ಲ. ತೆಲುಗಿನ 'ಅವಸರಂ' ಎಂದರೆ ಅಗತ್ಯ. ಕನ್ನಡದ 'ಅವಸರ' ಎಂದರೆ ಆತುರ. ಅರ್ಜಿಯಲ್ಲಿ 'ಅವಸರವಾದ ಪತ್ರಗಳು' ಎಂಬರ್ಥದ ಸಾಲು ಕಂಡರೆ ಕನ್ನಡ ಶಾಲೆಯ ಮಗು ತಾಯಿಗೆ ಏನೆಂದು ಓದಿ ಹೇಳೀತು?

ಪರಿಶೀಲನೆಯ ಐದು ಪ್ರಶ್ನೆಗಳು

ಯಾವುದೇ ಡಿಜಿಟಲ್ ಯೋಜನೆಯನ್ನು ಈ ಐದು ಪ್ರಶ್ನೆಗಳಿಂದ ಅಳೆಯಬಹುದು.

1. ಸಾಧನ. ಮನೆಯಲ್ಲಿ ಫೋನ್ ಯಾರ ಕೈಯಲ್ಲಿದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಆಂಧ್ರಪ್ರದೇಶದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ ಮಹಿಳೆಯರು ಶೇ. 21, ಪುರುಷರು ಶೇ. 48.8. ಅಂದಿನಿಂದ ಬಳಕೆ ಹೆಚ್ಚಿರಬಹುದು. ಆದರೂ ತಾಯಿಯ ಖಾತೆಗೆ ಹಣ ಬರುವ ಯೋಜನೆಯ ಸಂದೇಶ ತಂದೆಯ ಫೋನಿಗೆ ಹೋಗುತ್ತಿದೆಯೇ ಎಂದು ನೋಡಲೇಬೇಕು.

2. ಭಾಷೆ. ಭಾಷೆ ಆರಿಸುವ ಪುಟದಲ್ಲಿ ಕನ್ನಡವಿದೆಯೇ? ಇಲ್ಲದಿದ್ದರೆ, ಅದೇ ಮಾಹಿತಿ ಕನ್ನಡದಲ್ಲಿ ಮುದ್ರಿತವಾಗಿ ಸಚಿವಾಲಯದ ಫಲಕದಲ್ಲಿದೆಯೇ? ಓದಿ ಹೇಳಬಲ್ಲ ಸಿಬ್ಬಂದಿ ಇದ್ದಾರೆಯೇ?

3. ದೇಹ ಮತ್ತು ವಯಸ್ಸು. ದುಡಿದು ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದಿದ್ದರೆ, ಕಣ್ಣಿನ ಪೊರೆ ಬಂದ ಅಜ್ಜಿಯ ಕಣ್ಣಿನ ಗುರುತೂ ಸಿಗದಿದ್ದರೆ ಮುಂದೇನು? ಅಂಗವಿಕಲರು ಬಳಸಬಹುದಾದ ರೀತಿಯಲ್ಲಿ ಸೇವೆ ಇದೆಯೇ?

4. ಹೆಸರು ಮತ್ತು ದಾಖಲೆ. ಹೆಸರು ಎಷ್ಟು ಲಿಪಿಗಳನ್ನು ದಾಟಿ ಬರುತ್ತದೆ? ಪ್ರತಿ ದಾಟಿನಲ್ಲೂ ಅಕ್ಷರ ಬದಲಾಗುವ ಸಂಭವವಿದೆ.

5. ಬದಲಿ ದಾರಿ. ಸರ್ವರ್ ಕೆಟ್ಟಾಗ, ನೆಟ್‌ವರ್ಕ್ ಸಿಗದಾಗ ಕಾಗದದ ಅರ್ಜಿಯನ್ನು ಸ್ವೀಕರಿಸಿ ರಸೀದಿ ಕೊಡುವ ವ್ಯವಸ್ಥೆ ಇದೆಯೇ?

ಮಗುವಿನ ದಾಖಲೆ: ಎಲ್ಲಕ್ಕಿಂತ ಮುಖ್ಯ

ಈ ಐದರಲ್ಲಿ ಕನ್ನಡ ಮಾಧ್ಯಮದ ಕುಟುಂಬಗಳು ಹೆಚ್ಚು ಗಮನ ಕೊಡಬೇಕಾದದ್ದು ನಾಲ್ಕನೆಯದಕ್ಕೆ. ಒಂದು ಉದಾಹರಣೆ ನೋಡೋಣ. ನಮ್ಮ ಭಾಗದಲ್ಲಿ ತಿಪ್ಪೇಸ್ವಾಮಿ ಎಂಬುದು ಬಳಕೆಯ ಹೆಸರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅದು ಕನ್ನಡದಲ್ಲಿದೆ. ಜನನ ಪ್ರಮಾಣಪತ್ರದಲ್ಲಿ ತೆಲುಗಿನಲ್ಲಿದೆ. ಆಧಾರ್‌ನಲ್ಲಿ ಇಂಗ್ಲಿಷಿನಲ್ಲೂ ಇದೆ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರದ ಬಳಿಕ ಒಬ್ಬರು 'ಎಚ್' ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಕೊನೆಯಲ್ಲಿ ಒಬ್ಬರು 'ವೈ', ಮತ್ತೊಬ್ಬರು 'ಐ' ಬರೆಯುತ್ತಾರೆ. ಮನುಷ್ಯನ ಕಣ್ಣಿಗೆ ಇವೆಲ್ಲ ಒಂದೇ ಹೆಸರು; ಯಂತ್ರಕ್ಕೆ ಬೇರೆ ಬೇರೆ ಮಕ್ಕಳು.

ಇದರ ಪರಿಣಾಮ ಸಣ್ಣದಲ್ಲ. 2025ರ ಜೂನ್‌ನಲ್ಲಿ ಆರಂಭವಾದ 'ತಲ್ಲಿಕಿ ವಂದನಂ' ಯೋಜನೆಯಲ್ಲಿ ಪ್ರತಿ ವಿದ್ಯಾರ್ಥಿಗೆ 15,000 ರೂಪಾಯಿ ನಿಗದಿಯಾಗಿದ್ದು, ಶಾಲಾ ನಿರ್ವಹಣೆಗೆ 2,000 ಕಳೆದು 13,000 ರೂಪಾಯಿ ತಾಯಿಯ ಖಾತೆಗೆ ಸೇರುತ್ತದೆ. ಶಾಲೆ, ಆಧಾರ್, ಬ್ಯಾಂಕ್ ಮೂರೂ ಹೊಂದಿಕೆಯಾಗದಿದ್ದರೆ ಇಂಥ ಹಣ ತಡೆಯಾಗಬಹುದು. ವಿದ್ಯಾರ್ಥಿಗಳಿಗೆ ನೀಡುವ 'ಅಪಾರ್' ಗುರುತಿನ ಸಂಖ್ಯೆಗೂ ಶಾಲಾ ದಾಖಲೆ ಮತ್ತು ಆಧಾರ್‌ನ ಹೆಸರು ಹೊಂದಬೇಕು. ಈ ಸಂಖ್ಯೆಗೆ ಪಾಲಕರ ಒಪ್ಪಿಗೆ ಅಗತ್ಯ ಎಂಬುದನ್ನೂ ತಿಳಿದಿರಬೇಕು.

ಹೆಸರಿಗಿಂತ ಸದ್ದಿಲ್ಲದೆ ನಷ್ಟ ತರುವ ಇನ್ನೆರಡು ಕಾಲಂಗಳಿವೆ. ರಾಷ್ಟ್ರಮಟ್ಟದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್ ಪ್ಲಸ್‌ನಲ್ಲಿ ಪ್ರತಿ ಮಗುವಿನ ಮಾತೃಭಾಷೆ ಮತ್ತು ಬೋಧನಾ ಮಾಧ್ಯಮವನ್ನು ನಮೂದಿಸಲಾಗುತ್ತದೆ. ಅವಸರದಲ್ಲಿ ಎಲ್ಲರಿಗೂ 'ತೆಲುಗು' ಎಂದು ತುಂಬಿಬಿಟ್ಟರೆ ಅಂದು ಯಾರಿಗೂ ತೊಂದರೆ ಕಾಣುವುದಿಲ್ಲ. ಆದರೆ ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕೆಂಬ 1949ರ ರಾಷ್ಟ್ರಮಟ್ಟದ ಒಪ್ಪಂದದ ಸೂತ್ರ ನಿಂತಿರುವುದೇ ಎಣಿಕೆಯ ಮೇಲೆ. ದಾಖಲೆಯಲ್ಲಿ ಕನ್ನಡದ ಮಕ್ಕಳೇ ಇಲ್ಲವಾದರೆ ಕನ್ನಡದ ಶಿಕ್ಷಕರನ್ನು, ಪಠ್ಯಪುಸ್ತಕವನ್ನು ಕೇಳುವುದು ಯಾವ ಆಧಾರದಿಂದ? ಮುಂದೆ ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗಿರುವ ಅವಕಾಶವನ್ನು ಪಡೆಯುವಾಗಲೂ ಮಾತೃಭಾಷೆ ಕನ್ನಡವೆಂದು ತೋರಿಸಬೇಕಾಗುತ್ತದೆ.

2027ರ ಜನಗಣತಿಯೂ ಮೊಬೈಲ್ ಆ್ಯಪ್ ಮೂಲಕ ನಡೆಯುವ ಮೊದಲ ಡಿಜಿಟಲ್ ಗಣತಿ. ಕುಟುಂಬಗಳು ತಾವೇ ವಿವರ ತುಂಬುವ ಅವಕಾಶವೂ ಇದೆ. ಅಲ್ಲಿಯೂ ಮಾತೃಭಾಷೆಯ ಉತ್ತರವನ್ನು ಗಣತಿದಾರರ ಊಹೆಗೆ ಬಿಡದೆ ಕನ್ನಡವೆಂದು ಸ್ಪಷ್ಟವಾಗಿ ಹೇಳಬೇಕು.

ಕಾನೂನಿನ ಆಧಾರ

ಭಾರತದಲ್ಲಿ ಪ್ರತಿ ಪಂಚಾಯಿತಿಯೂ ಸಮಾನತಾ ಪರಿಶೀಲನಾ ವರದಿ ಸಿದ್ಧಪಡಿಸಬೇಕೆಂಬ ಪ್ರತ್ಯೇಕ ಕಾನೂನಿಲ್ಲ. ಆದರೆ ಅದನ್ನು ಕೇಳಲು ಬೇಕಾದ ಆಧಾರಗಳು ಹಲವಿವೆ.

ಸಂವಿಧಾನದ 350ನೆಯ ವಿಧಿಯಂತೆ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಆದ್ದರಿಂದ ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣ ಹೇಳಿ ಹಿಂದಿರುಗಿಸುವಂತಿಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನೂ, 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯ ನೇಮಕವನ್ನೂ ಹೇಳುತ್ತವೆ. ಅಲ್ಪಸಂಖ್ಯಾತ ಭಾಷಿಕರು ಶೇ. 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯ ಪ್ರಕಟಣೆ, ನಿಯಮಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂಬುದು 1956ರಿಂದ ಬಂದ ಭಾಷಾ ಸುರಕ್ಷಾ ಕ್ರಮಗಳಲ್ಲೊಂದು. ಅಂದು ಪ್ರಕಟಣೆ ಗೋಡೆಯ ಮೇಲಿತ್ತು, ಇಂದು ಫೋನಿನಲ್ಲಿದೆ. ಕ್ರಮದ ಉದ್ದೇಶ ಬದಲಾಗಿಲ್ಲ.

2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಸೌಲಭ್ಯ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿದೆ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆಯು 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಆ ಪ್ರಕರಣ ಆ್ಯಸಿಡ್ ದಾಳಿಗೆ ತುತ್ತಾದವರ ಮತ್ತು ದೃಷ್ಟಿದೋಷವುಳ್ಳವರ ಇ-ಕೆವೈಸಿ ತೊಂದರೆಗೆ ಸಂಬಂಧಿಸಿದ್ದು. ಆದರೂ ಡಿಜಿಟಲ್ ಕಂದಕದಿಂದ ಹೊರಗುಳಿಯುವವರ ಸಾಲಿನಲ್ಲಿ ಗ್ರಾಮೀಣರು, ಹಿರಿಯರು, ಬಡವರ ಜೊತೆಗೆ ಭಾಷಾ ಅಲ್ಪಸಂಖ್ಯಾತರನ್ನೂ ನ್ಯಾಯಾಲಯ ಗುರುತಿಸಿತು. ನಮ್ಮ ಮನವಿಗಳಲ್ಲಿ ಈ ತೀರ್ಪನ್ನು ಉಲ್ಲೇಖಿಸಬಹುದು.

ಮಾಹಿತಿ ಹಕ್ಕು ಕಾಯ್ದೆ, 2005ರ 4ನೆಯ ಸೆಕ್ಷನ್ ಪ್ರಕಾರ ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನಿರ್ಧಾರಗಳ ವಿವರಗಳನ್ನು ಕಚೇರಿಗಳು ತಾವಾಗಿ ಪ್ರಕಟಿಸಬೇಕು; ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು.

ಬೇರೆಡೆ ಏನಾಗಿದೆ

ಬ್ರಿಟನ್‌ನ 2010ರ ಸಮಾನತಾ ಕಾಯ್ದೆಯ 149ನೆಯ ಸೆಕ್ಷನ್ ಸಾರ್ವಜನಿಕ ಸಂಸ್ಥೆಗಳಿಗೆ ತಮ್ಮ ನಿರ್ಧಾರಗಳಲ್ಲಿ ಸಮಾನತೆಯನ್ನು ಗಮನಿಸುವ ಕರ್ತವ್ಯ ವಿಧಿಸಿದೆ. ಸೌತ್ ವೇಲ್ಸ್ ಪೊಲೀಸರು ಮುಖ ಗುರುತಿಸುವ ತಂತ್ರಾಂಶ ಬಳಸಿದ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಮೇಲ್ಮನವಿ ನ್ಯಾಯಾಲಯ, ಆ ತಂತ್ರಾಂಶ ಜನಾಂಗ ಅಥವಾ ಲಿಂಗದ ಆಧಾರದಲ್ಲಿ ಪಕ್ಷಪಾತ ಮಾಡುತ್ತದೆಯೇ ಎಂದು ಪೊಲೀಸರು ತಕ್ಕಮಟ್ಟಿಗೆ ಪರೀಕ್ಷಿಸಿರಲಿಲ್ಲ ಎಂದು ಹೇಳಿತು. ಪಕ್ಷಪಾತ ಸಾಬೀತಾಗಿರಲಿಲ್ಲ, ಪರೀಕ್ಷಿಸದೆ ಇದ್ದುದೇ ಲೋಪವೆನಿಸಿತು.

ಭಾಷೆಯ ವಿಷಯದಲ್ಲಿಯೂ ವೇಲ್ಸ್ ಗಮನಾರ್ಹ. 2011ರ ವೆಲ್ಶ್ ಭಾಷಾ ಕಾನೂನಿನಡಿ ರೂಪಿಸಿದ ಮಾನದಂಡಗಳಂತೆ ಅಲ್ಲಿನ ಸ್ಥಳೀಯ ಆಡಳಿತಗಳು ಹೊಸ ನೀತಿಯಿಂದ ವೆಲ್ಶ್ ಬಳಕೆಯ ಮೇಲಾಗುವ ಪರಿಣಾಮವನ್ನು ಮೊದಲೇ ಪರಿಗಣಿಸಬೇಕು. 2021ರ ಗಣತಿಯಲ್ಲಿ ಅಲ್ಲಿ ವೆಲ್ಶ್ ಬಲ್ಲವರು ಶೇ. 17.8. ನಮ್ಮ ಸುರಕ್ಷಾ ಕ್ರಮಗಳಲ್ಲಿ ಹೇಳಿರುವ ಶೇ. 15–20ರ ಪ್ರಮಾಣವೇ ಅದು.

ಪಾಲಕರು ಮಾಡಬೇಕಾದ ಕೆಲಸ

ಮೊದಲನೆಯದಾಗಿ, ಮುಖ್ಯೋಪಾಧ್ಯಾಯರನ್ನು ಕಂಡು ಮಗುವಿನ ಹೆಸರು, ಜನ್ಮದಿನಾಂಕ, ಮಾತೃಭಾಷೆ, ಬೋಧನಾ ಮಾಧ್ಯಮ ಯುಡೈಸ್ ಪ್ಲಸ್‌ನಲ್ಲಿ ಹೇಗಿವೆ ಎಂದು ನೋಡಿಕೊಳ್ಳಿರಿ. ತಪ್ಪಿದ್ದರೆ ತಿದ್ದುಪಡಿಗೆ ಲಿಖಿತ ಮನವಿ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆಯಿರಿ.

ಎರಡನೆಯದಾಗಿ, ಗ್ರಾಮ ಸಚಿವಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಡಿಜಿಟಲ್ ಸೇವೆಗಳ ಪಟ್ಟಿ, ಅವುಗಳ ಭಾಷೆ, ತಿರಸ್ಕೃತವಾದ ಅರ್ಜಿಗಳ ಸಂಖ್ಯೆ ಮತ್ತು ಕಾರಣಗಳನ್ನು ಕೇಳಿರಿ. ಆಂಧ್ರದಲ್ಲಿ ಗ್ರಾಮ ಮಟ್ಟದ ಕಚೇರಿಗೆ ಅರ್ಜಿ ಶುಲ್ಕವಿಲ್ಲ. ಉತ್ತರಕ್ಕೆ 30 ದಿನಗಳ ಅವಧಿಯಿದೆ. ಈ ಕಾಯ್ದೆಯ ಅರ್ಜಿ ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕಾದ್ದರಿಂದ ತೆಲುಗಿನಲ್ಲಿ ಬರೆಯುವುದು ಕ್ಷೇಮ. ಬರೆಯಲಾಗದವರು ಮೌಖಿಕವಾಗಿ ಕೇಳಿದರೆ ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿ ನೆರವಾಗಬೇಕು.

ಮೂರನೆಯದಾಗಿ, ಮುಂದಿನ ವರ್ಷದ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಅಕ್ಟೋಬರ್ 2ರಿಂದ ಗ್ರಾಮಸಭೆಗಳು ನಡೆಯುವ ಕಾಲದಲ್ಲಿ ಮೇಲಿನ ಐದು ಪ್ರಶ್ನೆಗಳನ್ನು ಸಭೆಯ ಮುಂದಿಟ್ಟು, ಉತ್ತರವನ್ನು ನಡಾವಳಿಯಲ್ಲಿ ಬರೆಸಿರಿ. ಕನ್ನಡದಲ್ಲಿ ಸೂಚನಾ ಫಲಕ, ವಾರಕ್ಕೊಂದು ದಿನ ಕನ್ನಡ ಬಲ್ಲವರ ಸಹಾಯ, ಕಾಗದದ ಅರ್ಜಿಗೆ ರಸೀದಿ: ಈ ಮೂರು ಬೇಡಿಕೆಗಳಿಗೆ ದೊಡ್ಡ ವೆಚ್ಚವೇನೂ ಆಗದು.

ನಾಲ್ಕನೆಯದಾಗಿ, ಸ್ಥಳೀಯವಾಗಿ ಪರಿಹಾರ ಸಿಗದಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸೋಮವಾರ ನಡೆಯುವ ಕುಂದುಕೊರತೆ ಸಭೆಗೆ 350ನೆಯ ವಿಧಿಯನ್ನು ಉಲ್ಲೇಖಿಸಿ ಕನ್ನಡದಲ್ಲಿ ಮನವಿ ನೀಡಿರಿ. ಪ್ರತಿಯನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಿರಿ. ಒಬ್ಬರ ಮನವಿಗಿಂತ ಶಾಲೆಯ ಪಾಲಕರೆಲ್ಲರೂ ಸಹಿ ಮಾಡಿದ ಮನವಿಗೆ ತೂಕ ಹೆಚ್ಚು.

ಡಿಜಿಟಲ್ ಸೇವೆಯನ್ನು ವಿರೋಧಿಸುವ ಅಗತ್ಯ ನಮಗಿಲ್ಲ. ತೆಲುಗಿನೊಡನೆ ನಮಗೆ ಜಗಳವೂ ಇಲ್ಲ. ತಲೆಮಾರುಗಳಿಂದ ಎರಡೂ ನುಡಿಗಳಲ್ಲಿ ಬದುಕಿದ ಸೀಮೆ ನಮ್ಮದು. ಆಡಳಿತವು ಹೊಸ ಬಾಗಿಲು ತೆರೆಯುವಾಗ ಕನ್ನಡ ಓದಿದ ತಾಯಿಯೂ ಅದರೊಳಗೆ ಬರಬಲ್ಲಳೇ ಎಂದು ಮೊದಲೇ ನೋಡಬೇಕೆಂಬುದಷ್ಟೇ ನಮ್ಮ ಕೇಳಿಕೆ. ಆ ಕೆಲಸ ಮಗುವಿನ ದಾಖಲೆಯ ಆ ಎರಡು ಕಾಲಂಗಳನ್ನು ಸರಿಯಾಗಿ ತುಂಬಿಸುವುದರಿಂದ ಆರಂಭವಾಗಲಿ.