ರೈ, ರಾವ್, ಶೆಟ್ಟಿ ಮತ್ತು ಸೌಂಡೆಕ್ಸ್ ಪುರಾಣ

ಮಂಗಳೂರಿನಲ್ಲಿ ಮೊಹಿಯುದ್ದೀನ್ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯುತ್ತಾರೆ ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ? ಮೊಯ್ದಿನ್, ಮೊಯ್ದೀನ್, ಮೊಹಿದಿನ್, ಮೊಹಿದ್ದೀನ್, ಮುಹಿಯಿದ್ದೀನ್... ಒಂದೇ ಐ ಹಾಕುವವರು, ಇ ಎರಡು ಸಲ ಹಾಕುವವರು, ಡಿ ಒಂದು, ಡಿ ಎರಡು, ನಡುವೆ ಎಚ್ ಇಡುವವರು, ಬಿಡುವವರು. ಶಾಲೆಗೆ ಸೇರಿಸುವಾಗ ಮಾಸ್ಟ್ರು ಬರೆದದ್ದು ಒಂದು, ರೇಷನ್ ಕಾರ್ಡಿನಲ್ಲಿ ಬಂದದ್ದು ಇನ್ನೊಂದು, ಗಲ್ಫಿಗೆ ಹೊರಡುವಾಗ ಪಾಸ್‌ಪೋರ್ಟಿನಲ್ಲಿ ಅಚ್ಚಾದದ್ದು ಮತ್ತೊಂದು. ಪೂಜಾರಿಗಳದ್ದೂ ಇದೇ ಕಥೆ. ಯು ಒಂದೋ, ಓ ಎರಡೋ, ಕೊನೆಗೆ ಐಯೋ ವೈಯೋ! ಕಾಮತರಲ್ಲಿ ಕೊನೆಗೆ ಎಚ್ ಇರುವವರೂ ಇದ್ದಾರೆ, ಇಲ್ಲದವರೂ ಇದ್ದಾರೆ. ಸಿಕ್ವೇರಾಗಳಲ್ಲಿ ಎಸ್ ಆದ ಮೇಲೆ ಕೆಲವರಿಗೆ ಇ, ಕೆಲವರಿಗೆ ಐ.

ಬಾಯಲ್ಲಿ ಕರೆಯುವಾಗ ಇದರಿಂದ ಯಾರಿಗೂ ತೊಂದರೆ ಇಲ್ಲ. ಬರೆದಿಟ್ಟು, ಸಾಲಾಗಿ ಜೋಡಿಸಿ, ನಾಲ್ಕು ವರ್ಷ ಬಿಟ್ಟು ಹುಡುಕುವಾಗ ಮಾತ್ರ ತಾಪತ್ರಯ. ಈ ತಾಪತ್ರಯಕ್ಕೆ ಕಂಪ್ಯೂಟರ್ ಹುಟ್ಟುವ ಮೊದಲೇ ಅಮೆರಿಕದಲ್ಲಿ ಒಂದು ಮದ್ದು ತಯಾರಾಗಿತ್ತು. ಪಿಟ್ಸ್‌ಬರ್ಗಿನ ರಾಬರ್ಟ್ ರಸೆಲ್ ಎಂಬಾತ 1918ರ ಏಪ್ರಿಲಿನಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1922ರಲ್ಲಿ ತಿದ್ದಿದ ರೂಪಕ್ಕೆ ಇನ್ನೊಂದು ಪೇಟೆಂಟ್ ಬಂತು. ಮಾರ್ಗರೆಟ್ ಒಡೆಲ್ ಎಂಬಾಕೆಯ ಹೆಸರೂ ಈ ಕೆಲಸದ ಜೊತೆ ಬರುತ್ತದೆ. ಇದೇ ಮುಂದೆ ಸೌಂಡೆಕ್ಸ್ ಎಂದು ಪ್ರಸಿದ್ಧವಾದದ್ದು. ನಮ್ಮಲ್ಲಿ ಡೇಟಾಬೇಸ್ ಜೊತೆ ಗುದ್ದಾಡುವ ಬ್ಲಾಗಿಗರೆಲ್ಲ ಇದನ್ನು ಒಂದಲ್ಲ ಒಂದು ಕಡೆ ಕಂಡಿರುತ್ತೀರಿ. ಒರಾಕಲ್, ಮೈಎಸ್‌ಕ್ಯೂಎಲ್, ಪಿಎಚ್‌ಪಿ ಎಲ್ಲದರಲ್ಲೂ ಆ ಹೆಸರಿನ ಫಂಕ್ಷನ್ ಇದೆ.

ವಿಧಾನ ಬಹಳ ಸುಲಭ, ಮಗ್ಗಿ ಬಂದರೆ ಸಾಕು. ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಳ್ಳಿ. ಆಮೇಲೆ ಬರುವ ಸ್ವರಗಳನ್ನೂ ಎಚ್, ಡಬ್ಲ್ಯೂ, ವೈಗಳನ್ನೂ ಬಿಸಾಡಿ. ಉಳಿದವಕ್ಕೆ ಅಂಕಿ ಕೊಡಿ: ಬಿ, ಎಫ್, ಪಿ, ವಿ ಬಂದರೆ 1. ಸಿ, ಜಿ, ಜೆ, ಕೆ, ಕ್ಯೂ, ಎಸ್, ಎಕ್ಸ್, ಝಡ್ ಬಂದರೆ 2. ಡಿ ಮತ್ತು ಟಿಗೆ 3, ಎಲ್‌ಗೆ 4, ಎಂ ಮತ್ತು ಎನ್‌ಗೆ 5, ಆರ್‌ಗೆ 6. ಒಂದೇ ಅಂಕಿ ಒತ್ತೊತ್ತಿಗೆ ಬಂದರೆ ಒಂದೇ ಸಲ ಬರೆಯಿರಿ. ಮೂರು ಅಂಕಿ ಆದ ಕೂಡಲೇ ನಿಲ್ಲಿಸಿ. ಕಮ್ಮಿ ಬಿದ್ದರೆ ಸೊನ್ನೆ ತುಂಬಿಸಿ. ಈಗ ಮೇಲಿನ ಮೊಹಿಯುದ್ದೀನ್‌ಗಳನ್ನೆಲ್ಲ ಇದರೊಳಗೆ ಹಾಕಿ ನೋಡಿ. ಎಲ್ಲರೂ ಎಂ350! ಪೂಜಾರಿಗಳೆಲ್ಲ ಪಿ260, ಕಾಮತರು ಕೆ530, ಸಿಕ್ವೇರಾಗಳು ಎಸ್260. ಮಂಗಳೂರು ಅನ್ನುವ ಊರು ಇರುವುದೇ ಗೊತ್ತಿಲ್ಲದೆ ಮಾಡಿದ ಕೆಲಸ ಇದು ಅಂದರೆ ಖುಷಿಯಾಗುವುದಿಲ್ಲವೇ?

ಇದಕ್ಕೆ ನಿಜವಾದ ಕೆಲಸ ಸಿಕ್ಕಿದ್ದು 1930ರ ದಶಕದಲ್ಲಿ. ಅಮೆರಿಕದಲ್ಲಿ 1935ರಲ್ಲಿ ಸಾಮಾಜಿಕ ಭದ್ರತೆಯ ಕಾಯ್ದೆ ಬಂತು, ವಯಸ್ಸಾದವರಿಗೆ ಪಿಂಚಣಿ ಅಂದರು. ವಯಸ್ಸು ಎಷ್ಟು ಅಂತ ರುಜುವಾತು ಬೇಡವೇ? ಹಳೆ ಕಾಲದಲ್ಲಿ ಹುಟ್ಟಿದ ಎಷ್ಟೋ ಜನರಿಗೆ ಜನನ ಪತ್ರವೇ ಇರಲಿಲ್ಲ. (ನಮ್ಮ ಅಜ್ಜಂದಿರ ಜೂನ್ ಒಂದರ ಜನ್ಮದಿನ ನೆನಪಾಯಿತೇ?) ಇದ್ದದ್ದು ಹಳೆಯ ಜನಗಣತಿಯ ಪುಸ್ತಕಗಳು ಮಾತ್ರ. ಅದರಲ್ಲಿ ಹೆಸರುಗಳನ್ನು ಗಣತಿಯವನು ಕಿವಿಗೆ ಬಿದ್ದ ಹಾಗೆ ಬರೆದಿದ್ದ. ಹಾಗಾಗಿ ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರಕಾರಿ ಯೋಜನೆಯಲ್ಲಿ ಗುಮಾಸ್ತರನ್ನು ಕೂರಿಸಿ, 1880, 1900, 1920ರ ಗಣತಿಗಳಿಂದ ಒಂದೊಂದು ಮನೆಗೆ ಒಂದೊಂದು ಕಾರ್ಡು ಬರೆಸಿ, ಸೌಂಡೆಕ್ಸ್ ಅಂಕಿಯ ಪ್ರಕಾರ ಜೋಡಿಸಿದರು. 1880ರದ್ದರಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಮಾತ್ರ ಕಾರ್ಡು. ಯಾಕೆಂದರೆ ಪಿಂಚಣಿಗೆ ಬರುವವರು ಆ ಮಕ್ಕಳೇ.

ಇಲ್ಲಿ ಒಂದು ವಿಷಯ ಗಮನಿಸಿ, ಮುಂದೆ ಬೇಕಾಗುತ್ತದೆ. ಅಂಕಿ ಹೇಳುತ್ತಿದ್ದದ್ದು ಯಾವ ಡ್ರಾಯರು ಎಳೆಯಬೇಕು ಅನ್ನುವುದನ್ನು ಮಾತ್ರ. ಡ್ರಾಯರಿನೊಳಗೆ ಆ ಅಂಕಿಯ ನೂರಾರು ಕಾರ್ಡು. ಗುಮಾಸ್ತ ಒಂದೊಂದನ್ನೇ ಓದಿ, ಊರು, ವಯಸ್ಸು, ಮನೆಯಲ್ಲಿ ಯಾರ್ಯಾರು ಇದ್ದರು ಅಂತ ನೋಡಿ, ಇವನೇ ಆತ ಅಂತ ತೀರ್ಮಾನಿಸುತ್ತಿದ್ದ.

ಇನ್ನು ರಸೆಲ್ ಮಾಡಿದ ಗುಂಪುಗಳನ್ನು ನೋಡಿ. ತುಟಿಯಲ್ಲಿ ಹುಟ್ಟುವ ಬ, ಪ, ವ ಒಟ್ಟಿಗೆ. ಡ, ಟ ಒಟ್ಟಿಗೆ. ಮ, ನ ಒಟ್ಟಿಗೆ. ಎಲ್ಲೋ ಕಂಡ ಹಾಗಿದೆ ಅಲ್ಲವೇ ಮಾರಾಯ್ರೆ? ಒಂದನೇ ಕ್ಲಾಸಿನಲ್ಲಿ ನಾವು ರಾಗ ಎಳೆದು ಹೇಳುವ ಕಚಟತಪ ಕೂಡ ಬಾಯಲ್ಲಿ ಶಬ್ದ ಹುಟ್ಟುವ ಜಾಗದ ಪ್ರಕಾರ ಜೋಡಿಸಿದ್ದೇ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆಯುವಾಗ ಆ ಕ್ರಮ ಆಗಲೇ ಹಳೆಯದು. ಆ ಗ್ರಂಥವನ್ನು ಕಿಟ್ಟೆಲ್ ಸಂಪಾದಿಸಿ 1872ರಲ್ಲಿ ಅಚ್ಚು ಹಾಕಿಸಿದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಅವನ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದೂ ಅಲ್ಲಿಂದಲೇ, 1894ರಲ್ಲಿ.

ಹಾಗಂತ ಎಲ್ಲ ನಮ್ಮಲ್ಲೇ ಇತ್ತು ಅಂತ ಎದೆ ತಟ್ಟಿಕೊಳ್ಳುವ ಪೈಕಿ ನಾನಲ್ಲ. ರಸೆಲ್‌ನ ಕಷ್ಟ ಬೇರೆಯೇ ಇತ್ತು. ಅವನ 2ನೇ ಗುಂಪು ಯಾಕೆ ಅಷ್ಟು ದೊಡ್ಡದು ನೋಡಿ: ಇಂಗ್ಲಿಷಿನ ಸಿ ಒಮ್ಮೆ ಕ ಆಗುತ್ತದೆ, ಒಮ್ಮೆ ಸ ಆಗುತ್ತದೆ. ಜಿ ಒಮ್ಮೆ ಗ, ಒಮ್ಮೆ ಜ. ಬರಹ ನೋಡಿ ಶಬ್ದ ಹೇಳಲಾಗದ ಭಾಷೆಗೆ ಅಷ್ಟು ದೊಡ್ಡ ಗೋಣಿಚೀಲವೇ ಬೇಕು. ಕನ್ನಡಕ್ಕೆ ಆ ಅನಿವಾರ್ಯ ಇಲ್ಲ. ಆದರೆ ನಮ್ಮ ಹೆಸರುಗಳು ಕಂಪ್ಯೂಟರಿನೊಳಗೆ ಹೋಗುವಾಗ ಹೆಚ್ಚಾಗಿ ಇಂಗ್ಲಿಷ್ ವೇಷ ಹಾಕಿಕೊಂಡೇ ಹೋಗುತ್ತವೆ. ಪಹಣಿಯಲ್ಲಿ ಹೆಸರು ಕನ್ನಡದಲ್ಲಿ, ಪಾನ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ. ಲ-ಳ, ನ-ಣ, ತ-ಟ ವ್ಯತ್ಯಾಸಗಳು ಆ ದಾರಿಯಲ್ಲೇ ಉದುರಿ ಹೋಗುತ್ತವೆ. ಹಳ್ಳಿಯೂ ಹಲ್ಲಿಯೂ ಅಲ್ಲಿ ಒಂದೇ.

ಈಗ ಮಂಗಳೂರಿನ ಹೆಸರುಗಳಿಗೆ ಬರೋಣ. ರೈ ಅಂದರೆ ಆರ್000. ರಾವ್ ಅಂದರೂ ಆರ್000! ಜಿಲ್ಲೆಯ ಅಷ್ಟೂ ರೈಗಳೂ ಅಷ್ಟೂ ರಾವ್‌ಗಳೂ ಒಂದೇ ಡ್ರಾಯರಿನಲ್ಲಿ, ಜೊತೆಗೆ ಬಂಗಾಳದ ರಾಯ್‌ಗಳು. ಶೆಟ್ಟಿ ಎಸ್300, ಚಿನ್ನದ ಕೆಲಸದ ಶೇಟ್ ಎಸ್300, ಸಯ್ಯದ್ ಕೂಡ ಎಸ್300. ಡಿಸಾ ಮತ್ತು ಡಾಯಸ್ ಇಬ್ಬರೂ ಡಿ200. ಎಂ350 ಅಂತ ಮೊಹಿಯುದ್ದೀನ್‌ಗಳನ್ನೆಲ್ಲ ಕೂಡಿಸಿ ಖುಷಿಪಟ್ಟೆವಲ್ಲ, ಆ ಡ್ರಾಯರಿನಲ್ಲಿ ಮಿಥುನ್ ಮತ್ತು ಮದನ್ ಕೂಡ ಕೂತಿದ್ದಾರೆ :-)

ಇನ್ನೊಂದು ಕಡೆ, ಒಂದೇ ಹೆಸರನ್ನು ಎರಡು ತುಂಡು ಮಾಡುವುದೂ ಇದೆ. ಖಾದರ್ ಎಂಬುದನ್ನು ಕೆಯಿಂದ ಬರೆದರೆ ಕೆ360, ಖಾದಿರ್ ಅಂತ ಕ್ಯೂ ಹಾಕಿ ಬರೆದರೆ ಕ್ಯೂ360. ಮೊದಲ ಅಕ್ಷರ ಮುಟ್ಟಬಾರದು ಅನ್ನುವ ನಿಯಮದ ಫಲ ಇದು. ಝುಲೇಖಾ ಮತ್ತು ಜುಲೇಖಾ ಸಹ ಬೇರೆ ಬೇರೆ. ಮೊಹಮ್ಮದ್ ಎಂದು ಉದ್ದಕ್ಕೆ ಬರೆದರೆ ಎಂ530, ಅದನ್ನೇ ನಮ್ಮವರು ಮಾಡುವ ಹಾಗೆ ನಾಲ್ಕಕ್ಷರಕ್ಕೆ ಚುಟುಕು ಮಾಡಿದರೆ ಎಂ300. ಅಪ್ಪನ ದಾಖಲೆಯಲ್ಲಿ ಉದ್ದ, ಮಗನ ದಾಖಲೆಯಲ್ಲಿ ಗಿಡ್ಡ ಇದ್ದರೆ ಆ ಮನೆಯ ಕಥೆ ಕೇಳಬೇಡಿ.

ಇದು ನಮ್ಮ ಊರಿನ ಗೋಳು ಮಾತ್ರ ಅಂದುಕೊಳ್ಳಬೇಡಿ. ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ಹೋದ ಯಹೂದಿಗಳಿಗೂ ಹೀಗೇ ಆಗಿತ್ತು. ಮಾಸ್ಕೊವಿಟ್ಜ್ ಅನ್ನುವ ಹೆಸರನ್ನು ನಡುವೆ ಡಬ್ಲ್ಯೂ ಇಟ್ಟು ಬರೆದರೆ ಎಂ232, ವಿ ಇಟ್ಟರೆ ಎಂ213. ತಮ್ಮ ಪೂರ್ವಜರನ್ನು ಹುಡುಕುತ್ತಿದ್ದ ಗ್ಯಾರಿ ಮೊಕೊಟಾಫ್ ಮತ್ತು ರ‍್ಯಾಂಡಿ ಡೈಚ್ ಸೇರಿ 1985ರಲ್ಲಿ ತಮ್ಮ ಜನರ ಹೆಸರುಗಳಿಗೆಂದೇ ಬೇರೆ ಸೌಂಡೆಕ್ಸ್ ಮಾಡಿದರು. ಅದರಲ್ಲಿ ಮೊದಲ ಅಕ್ಷರಕ್ಕೂ ಅಂಕಿಯೇ, ಒಟ್ಟು ಆರು ಅಂಕಿ. ಎರಡು ಬಗೆಯಲ್ಲಿ ಓದಬಹುದಾದ ಹೆಸರಿಗೆ ಎರಡು ಸಂಕೇತ. ನನ್ನ ಪ್ರಕಾರ ಈ ಇಡೀ ಚರಿತ್ರೆಯಲ್ಲಿ ನಮಗೆ ಹೆಚ್ಚು ಪಾಠ ಇರುವುದು ಇಲ್ಲಿ. 1990ರಲ್ಲಿ ಲಾರೆನ್ಸ್ ಫಿಲಿಪ್ಸ್ ಮಾಡಿದ ಮೆಟಾಫೋನ್ ಬಹಳ ಜಾಣ ಆಲ್ಗರಿದಂ, ನಿಜ. ಆದರೆ ಅದರ ಜಾಣತನವೆಲ್ಲ ಇಂಗ್ಲಿಷ್ ಕಾಗುಣಿತದ ಚೇಷ್ಟೆಗಳನ್ನು ಬಿಡಿಸುವುದರಲ್ಲೇ ಮುಗಿಯುತ್ತದೆ.

ಕನ್ನಡ ಅಕ್ಷರದಲ್ಲೇ ಇದನ್ನೆಲ್ಲ ಮಾಡಬಹುದಲ್ಲ ಅಂದಿರಾ? ಮಾಡಬಹುದು, ಮಾಡಿದ್ದಾರೆ ಕೂಡ. 1991ರ ಇಸ್ಕಿ ಮಾನಕದಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ವರ್ಣಮಾಲೆಯ ಚೌಕಟ್ಟು ಇಟ್ಟಿದ್ದರು. ಯೂನಿಕೋಡ್ ಇಸ್ಕಿಯ ಚೌಕಟ್ಟನ್ನೇ ತೆಗೆದುಕೊಂಡಿತು. ಹಾಗಾಗಿ ಕನ್ನಡ, ದೇವನಾಗರಿ, ಮಲಯಾಳ, ತೆಲುಗು ಯಾವ ವಿಭಾಗ ತೆರೆದರೂ ಸೊನ್ನೆಯಿಂದ ಎಣಿಸಿದರೆ 21ನೇ ಮನೆಯಲ್ಲಿ ಕ ಕೂತಿರುತ್ತದೆ. ಕೇರಳದ ಸಂತೋಷ್ ತೋಟ್ಟಿಂಗಲ್ 2009ರಲ್ಲಿ ಮಾಡಿದ ಭಾರತೀಯ ಭಾಷೆಗಳ ಸೌಂಡೆಕ್ಸ್ ಈ ಅನುಕೂಲವನ್ನೇ ಬಳಸಿಕೊಂಡಿತು. ಕಾರ್ತಿಕ್ ಅಂತ ಕನ್ನಡದಲ್ಲಿ ಬರೆದದ್ದನ್ನೂ ಹಿಂದಿಯಲ್ಲಿ ಬರೆದದ್ದನ್ನೂ ಇಂಗ್ಲಿಷಿನ ಹಂಗಿಲ್ಲದೆ ನೇರ ಹೋಲಿಸಬಹುದು. ಮಂಗಳೂರಿನಂಥ, ಬೇಲಿ ದಾಟಿದರೆ ಕಾಸರಗೋಡು ಸಿಗುವ ಊರಿಗೆ ಇದು ಚಿಕ್ಕ ಸಂಗತಿಯಲ್ಲ.

ಕನ್ನಡಕ್ಕೆಂದೇ ಬಂದದ್ದು ಕೆಎನ್‌ಫೋನ್. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಅಂತರಜಾಲಕ್ಕೆ ಬಂತಲ್ಲ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳದ್ದು, ಅದರ ಹುಡುಕಾಟಕ್ಕೆ ಕೈಲಾಶ್ ನಾಧ್ ಇದನ್ನು ಬರೆದರು. ಇದು ಒಂದು ಪದಕ್ಕೆ ಮೂರು ಸಂಕೇತ ಕೊಡುತ್ತದೆ. ಮೊದಲನೆಯದು ಸಡಿಲ, ಗಡಸು ಅಕ್ಷರ ಮೆದು ಅಕ್ಷರ ಅಂತ ಭೇದ ಮಾಡುವುದಿಲ್ಲ. ಎರಡನೆಯದು ಆ ಭೇದ ಮಾಡುತ್ತದೆ. ಮೂರನೆಯದು ಗುಣಿತವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹುಡುಕುವವನಿಗೆ ಹತ್ತಿರದ್ದು ಮೊದಲು, ದೂರದ್ದು ಆಮೇಲೆ. ಈ ಮೂರು ಮೆಟ್ಟಿಲಿನ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಎಷ್ಟು ಹೋಲಿಕೆ ಸಾಕು ಅನ್ನುವುದನ್ನು ಅದು ಬಳಸುವವನ ಕೈಗೇ ಬಿಡುತ್ತದೆ.

ನನ್ನ ತಕರಾರು ಇರುವುದು ಈ ಕೈಗೆ ಬಿಡದ ಕಡೆಗಳಲ್ಲಿ. ನಮ್ಮ ನೆರೆಮನೆಯ ಬ್ಯಾರಿ ಹಿರಿಯರೊಬ್ಬರಿಗೆ ಮೂರು ದಾಖಲೆಯಲ್ಲಿ ಮೂರು ಸ್ಪೆಲ್ಲಿಂಗು. ಸೌದಿಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಒಂದು ಬ್ಯಾಂಕಿನಲ್ಲಿ ಠೇವಣಿ ಬಿಡಿಸಲು ಹೋದರೆ ಕೌಂಟರಿನ ಹುಡುಗ, "ಸಿಸ್ಟಮ್ ಮ್ಯಾಚ್ ಅಂತ ತೋರಿಸ್ತಾ ಇಲ್ಲ ಬ್ಯಾರಿಗಳೇ, ನಾನು ಎಂತ ಮಾಡ್ಲಿ?" ಅಂದನಂತೆ. ಆ ಹುಡುಗನಿಗೆ ಇವರು ಯಾರು ಅಂತ ಗೊತ್ತು, ದಿನಾ ಕಾಣುವವನು. ಆದರೂ ಹಂಪನಕಟ್ಟೆಗೆ ಹೋಗಿ ನೋಟರಿಯ ಹತ್ತಿರ ಸ್ಟಾಂಪ್ ಪೇಪರಿನಲ್ಲಿ, ಈ ಮೂರೂ ಹೆಸರಿನವನು ನಾನೊಬ್ಬನೇ ಅಂತ ಬರೆಸಿ ತರಬೇಕಾಯಿತು. ಆ ಮೂರು ಸ್ಪೆಲ್ಲಿಂಗನ್ನೂ ನಾನು ಆಮೇಲೆ ಬರೆದು ನೋಡಿದೆ. ಮೂರೂ ಎಂ350. ಅಂದರೆ 1930ರ ದಶಕದ ಆ ಗುಮಾಸ್ತ ಡ್ರಾಯರು ಎಳೆದಿದ್ದರೆ ಮೂರು ಕಾರ್ಡೂ ಒಟ್ಟಿಗೆ ಕೈಗೆ ಬರುತ್ತಿದ್ದವು, ಅವನು ಊರು, ಹುಟ್ಟಿದ ವರ್ಷ, ತಂದೆಯ ಹೆಸರು ನೋಡಿ ಕೆಲಸ ಮುಗಿಸುತ್ತಿದ್ದ.

ಹಾಗಾದರೆ ಬ್ಯಾಂಕಿನವರೂ ಸೌಂಡೆಕ್ಸ್ ಹಾಕಿಕೊಳ್ಳಲಿ ಅನ್ನೋಣವೇ? ಗುಮಾಸ್ತನನ್ನು ಎಬ್ಬಿಸಿ ಕಳಿಸಿ ಬರೀ ಅಂಕಿಯನ್ನು ನಂಬಿದರೆ ಮೊಹಿಯುದ್ದೀನರ ಠೇವಣಿಗೆ ಮಿಥುನನೂ ಅರ್ಹನಾಗುತ್ತಾನೆ! ತಮಾಷೆಯಲ್ಲ, ಅಮೆರಿಕದಲ್ಲೇ 2000ದ ಚುನಾವಣೆಯ ಹೊತ್ತಿಗೆ ಫ್ಲಾರಿಡಾದಲ್ಲಿ ಅಪರಾಧಿಗಳನ್ನು ಮತದಾರರ ಪಟ್ಟಿಯಿಂದ ತೆಗೆಯಲು ಕೊನೆಹೆಸರು ಶೇ. 80ರಷ್ಟು ಹೊಂದಿದರೆ ಸಾಕು ಅಂತ ಇಟ್ಟಿದ್ದರು. ಅದು ಸೌಂಡೆಕ್ಸ್ ಅಲ್ಲ, ಅಕ್ಷರಗಳ ಹೋಲಿಕೆ. ಆದರೆ ಪರಿಣಾಮ ಅದೇ: ಹೆಸರು ಹತ್ತಿರವಿದ್ದ ತಪ್ಪಿಗೆ ನಿರಪರಾಧಿಗಳೂ ಆ ಪಟ್ಟಿಗೆ ಬಿದ್ದರು. ಬಿಗಿ ಮಾಡಿದರೆ ಒಬ್ಬನನ್ನು ಮೂವರಾಗಿ ಮಾಡುತ್ತದೆ, ಸಡಿಲ ಬಿಟ್ಟರೆ ಮೂವರನ್ನು ಒಬ್ಬನಾಗಿ ಮಾಡುತ್ತದೆ. ಡ್ರಾಯರು ಯಾವುದು ಅಂತ ಹೇಳಲು ಹುಟ್ಟಿದ ಯಂತ್ರದ ಹತ್ತಿರ ಹೌದು-ಅಲ್ಲ ಹೇಳಿಸುತ್ತಾ ಕೂತಿದ್ದೇವೆ, ಅದೂ ಆ ಹುಡುಗನ ಕಣ್ಣೆದುರಿಗೇ ಮನುಷ್ಯ ನಿಂತಿರುವಾಗ.

ಅಂದ ಹಾಗೆ, 2014ರ ನವೆಂಬರ್ 1ರಂದು ನಮ್ಮೂರಿನ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಸೌಂಡೆಕ್ಸಿಗೆ ಅದು ಗೊತ್ತೇ ಆಗಿಲ್ಲ. ಹಳೆಯ ಮ್ಯಾಂಗಲೋರ್, ಈಗಿನ ಮಂಗಳೂರು, ಮಲಯಾಳಿಗಳ ಮಂಗಲಾಪುರಂ ಮೂರೂ ಎಂ524. ತುಳುವಿನ ಕುಡ್ಲ ಮತ್ತು ಕೊಂಕಣಿಯ ಕೊಡಿಯಾಲ್ ಎರಡೂ ಕೆ340, ಅದೇ ಡ್ರಾಯರಿನಲ್ಲಿ ಕಟೀಲು ಕೂಡ ಇದೆ. ಬ್ಯಾರಿಗಳ ಮೈಕಾಲ ಒಂದು ಮಾತ್ರ ಎಂ240, ಬೇರೆಯೇ ಡ್ರಾಯರು. ನಿಮ್ಮ ಊರಿನದ್ದು, ನಿಮ್ಮ ಹೆಸರಿನದ್ದು ಎಷ್ಟು ಬರುತ್ತದೆ, ಜೊತೆಗೆ ಯಾರ್ಯಾರು ಕೂತಿದ್ದಾರೆ ಅಂತ ಲೆಕ್ಕ ಹಾಕಿ ಹೇಳಿ.